ಕುಂಬಾರನ ಕತ್ತೆಯೂ ಮೂರನೇ ಪಂಪೂ

ಕಳೆದ ಏಪ್ರಿಲ್‌ನಲ್ಲಿ ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ನಮ್ಮ ಕಾರು ಮೂರನೇ ಸಲ ನಿಂತುಹೋಯಿತು. ಎರಡೂ ಕಡೆ ತೆಂಗಿನ ತೋಟ, ನೆತ್ತಿಯ ಮೇಲೆ ಬಿಸಿಲು, ಹಿಂದಿನ ಸೀಟಿನಲ್ಲಿ ಮದುವೆ ಮನೆಗೆಂದು ಒಯ್ಯುತ್ತಿದ್ದ ಎರಡು ಚೀಲ ಕಾಯಿ. ಅಪ್ಪ ಕೀ ತಿರುಗಿಸಿದರು. ಎಂಜಿನ್ ಗಿರಗಿರ ಸುತ್ತಿತು, ಹಿಡಿಯಲಿಲ್ಲ. ಕೀಯನ್ನು ಹಿಂದಕ್ಕೆ ತಂದು, ಮತ್ತೆ ಅರ್ಧ ತಿರುಗಿಸಿ, ಕಿವಿಗೊಟ್ಟು ಕೂತರು. ನಮ್ಮ ಕಾರಿನಲ್ಲಿ ಕೀ ಆನ್ ಆದ ಕೂಡಲೇ ಹಿಂದಿನ ಸೀಟಿನ ಅಡಿಯಿಂದ ಎರಡು ಸೆಕೆಂಡಿನಷ್ಟು ಹೊತ್ತು ಗುಂಯ್ ಎನ್ನುವ ಸಣ್ಣ ಸದ್ದು ಬರಬೇಕು. ಅದು ಪೆಟ್ರೋಲ್ ಟ್ಯಾಂಕಿನೊಳಗಿರುವ ಪಂಪು ಎದ್ದು ಕೂತ ಸದ್ದು. ಬರಲಿಲ್ಲ.

‘ಮತ್ತೆ ಅದೇ’ ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, ‘ಅವನು ಮೋಸ ಮಾಡಿದ ಕಣೇ ಪುಟ್ಟಿ’ ಅಂದರು.

ಅವನು ಅಂದರೆ ನಮ್ಮೂರಿನ ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನವನು. ಅಪ್ಪ ಖಾಸಗಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು. ಅವನು ಅವರ ವಿದ್ಯಾರ್ಥಿ. ಹತ್ತನೇ ಕ್ಲಾಸು ದಾಟದೆ ಸ್ಪ್ಯಾನರ್ ಹಿಡಿದವನು. ಅಪ್ಪ ಈ ಹಳೇ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡ ದಿನದಿಂದ, ಅಂದರೆ ಹದಿನೈದು ವರ್ಷದಿಂದ, ಅದರ ಮೈ ಮುಟ್ಟಿದವನು ಅವನೊಬ್ಬನೇ. 2024ರ ಮಾರ್ಚ್‌ನಲ್ಲಿ ಮೊದಲ ಪಂಪು ಹೋದಾಗ ಅವನೇ ಹೊಸದು ಹಾಕಿದ. ನವೆಂಬರ್‌ನಲ್ಲಿ ಅದು ಹೋದಾಗ ಇನ್ನೊಂದು ಹಾಕಿದ, ಕೂಲಿ ತಗೊಳ್ಳಲಿಲ್ಲ. ಈಗ ಐದು ತಿಂಗಳಿಗೆ ಅದೂ ಹೋಯಿತು.

ಈ ಮೂರು ಸಲದಲ್ಲಿ ಅಪ್ಪನ ಕನ್ನಡ ಬದಲಾದ ರೀತಿಯನ್ನು ನಾನು ಆಮೇಲೆ ಗಮನಿಸಿದೆ. ಮೊದಲ ಸಲ ಅವರು ಫೋನಿನಲ್ಲಿ ಹೇಳಿದ್ದು ‘ಪಂಪು ಕೆಟ್ಟಿತು’ ಎಂದು. ಎರಡನೇ ಸಲ, ‘ಕೆಟ್ಟ ಪಂಪು ಹಾಕಿದ್ದಾನೆ’. ಮೂರನೇ ಸಲಕ್ಕೆ ಅವನೇ ಕೆಟ್ಟವನಾಗಿದ್ದ. ನಮ್ಮ ಭಾಷೆಯಲ್ಲಿ ಈ ಪ್ರಯಾಣ ಎಷ್ಟು ಸಲೀಸು ನೋಡಿ. ಹಾಲು ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಕಾರು ಕೆಡುತ್ತದೆ. ಆ ‘ಕೆಡು’ವಿಗೆ ಮಾಡುವವನು ಬೇಕಿಲ್ಲ, ಅದು ತಾನಾಗಿ ಆಗುವಂಥದ್ದು. ಆದರೆ ಅದೇ ಧಾತುವಿನಿಂದ ‘ಕೆಟ್ಟ’ ಬರುತ್ತದೆ, ‘ಕೆಡಿಸಿದ’ ಬರುತ್ತದೆ, ‘ಕೇಡಿ’ಗ ಬರುತ್ತಾನೆ. ಒಂದು ವಸ್ತು ಒಂದು ಸಲ ಕೆಟ್ಟರೆ ನಾವು ವಿಧಿಯನ್ನೋ ವಯಸ್ಸನ್ನೋ ನೆನೆದು ಸುಮ್ಮನಾಗುತ್ತೇವೆ. ಅದೇ ವಸ್ತು ಮತ್ತೆ ಮತ್ತೆ ಕೆಟ್ಟರೆ ಕ್ರಿಯಾಪದಕ್ಕೆ ಕರ್ತೃ ಬೇಕೆನಿಸುತ್ತದೆ. ಆ ಖಾಲಿ ಜಾಗದಲ್ಲಿ ಯಾರು ಹತ್ತಿರ ನಿಂತಿರುತ್ತಾರೋ ಅವರು ಬಂದು ಕೂರುತ್ತಾರೆ.

ಇಲ್ಲಿ ಒಂದು ತಮಾಷೆಯನ್ನು ಒಪ್ಪಿಕೊಳ್ಳಬೇಕು. ನನ್ನ ಪಿಎಚ್‌ಡಿ ವಿಷಯ ‘ಕಾರಣ’. ನ್ಯಾಯ-ವೈಶೇಷಿಕರು ಕಾರಣ ಎಂದರೆ ಏನು ಎನ್ನುತ್ತಾರೆ ಎಂಬುದರ ಮೇಲೆ ನಾಲ್ಕು ವರ್ಷದಿಂದ ಕೂತಿದ್ದೇನೆ. ಆದರೂ ಆ ಮಧ್ಯಾಹ್ನ ತೋಟದ ನೆರಳಿನಲ್ಲಿ ನಿಂತು ನಾನು ಹೇಳಿದ್ದು, ‘ಹೌದಪ್ಪ, ಡೂಪ್ಲಿಕೇಟೇ ಇರಬೇಕು’ ಎಂದು. ಅಪ್ಪ ಅದನ್ನು ಊರಲ್ಲಿ ಇನ್ನೂ ನಾಲ್ಕು ಜನರಿಗೆ ಹೇಳಿದರು. ಸಣ್ಣ ಊರಿನಲ್ಲಿ ನಾಲ್ಕು ಜನ ಅಂದರೆ ಒಂದು ಗ್ಯಾರೇಜಿಗೆ ಕಡಿಮೆಯಲ್ಲ.

ಟೀ ಅಂಗಡಿಯಲ್ಲಿ ಬೇರೆ ಬೇರೆ ಕಾರಣಗಳೂ ಸಿಕ್ಕವು. ಹೆಚ್ಚು ಮತ ಬಿದ್ದದ್ದು ಎಥೆನಾಲಿಗೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲಿನ ಬಿಡುಗಡೆ ಆಯಿತು. ನೂರಕ್ಕೆ 20 ಭಾಗ ಎಥೆನಾಲ್ ಬೆರೆತ ಪೆಟ್ರೋಲು. ಅದಕ್ಕೂ ಮುಂಚೆ ತಯಾರಾದ ಹಳೆಯ ಗಾಡಿಗಳ ರಬ್ಬರು, ಸೀಲುಗಳು ಅದಕ್ಕೆಂದು ಮಾಡಿದವಲ್ಲ. ಎಥೆನಾಲು ನೀರನ್ನು ಎಳೆದುಕೊಳ್ಳುತ್ತದೆ, ಹಳೇ ಟ್ಯಾಂಕಿನಲ್ಲಿ ಅಂಟಿಕೂತ ಕೊಳೆಯನ್ನು ಸಡಿಲಿಸುತ್ತದೆ. ಇದೆಲ್ಲ ಸುಳ್ಳಲ್ಲ. ಆದರೆ ಅದೇ ಬಂಕಿನಲ್ಲಿ ಅದೇ ಪೆಟ್ರೋಲು ಹಾಕಿಸಿಕೊಳ್ಳುವ, ನಮ್ಮ ಕಾರಿನಷ್ಟೇ ವಯಸ್ಸಾದ ಇನ್ನೆರಡು ಕಾರುಗಳು ನಮ್ಮ ಬೀದಿಯಲ್ಲೇ ಇವೆ. ಅವು ಓಡುತ್ತಿದ್ದವು.

ಹದಿನೇಳನೇ ಶತಮಾನದ ವಿಶ್ವನಾಥ ಎಂಬ ನೈಯಾಯಿಕ ತನ್ನ ‘ಭಾಷಾಪರಿಚ್ಛೇದ’ದಲ್ಲಿ ಕುಂಬಾರನ ಮಡಕೆಯ ಉದಾಹರಣೆ ಇಟ್ಟುಕೊಂಡು, ಕಾರಣದಂತೆ ಕಾಣುವ ಆದರೆ ಕಾರಣವಲ್ಲದ ಐದು ಬಗೆಗಳನ್ನು ಹೇಳುತ್ತಾನೆ. ಅವುಗಳಿಗೆ ‘ಅನ್ಯಥಾಸಿದ್ಧ’ ಎಂದು ಹೆಸರು. ಮಡಕೆಗೆ ಮಣ್ಣು ಕಾರಣ, ಚಕ್ರ ಕಾರಣ, ಚಕ್ರ ತಿರುಗಿಸುವ ಕೋಲು ಕಾರಣ, ಕುಂಬಾರ ಕಾರಣ. ಆದರೆ ಕೋಲಿನ ಬಣ್ಣ ಕಾರಣವಲ್ಲ, ಕೋಲು ಎಲ್ಲಿರುತ್ತದೋ ಅದೂ ಅಲ್ಲಿರುತ್ತದೆ ಅಷ್ಟೆ. ಆಕಾಶ ಎಲ್ಲ ಕಡೆ ಇದೆ, ಅದೂ ಕಾರಣವಲ್ಲ. ಮಣ್ಣು ಹೊತ್ತು ತಂದ ಕತ್ತೆ? ಈ ಒಂದು ಮಡಕೆಗೆ ಅದು ಮಣ್ಣು ತಂದಿರಬಹುದು. ಆದರೆ ಕತ್ತೆಯಿಲ್ಲದೆ ತಲೆಮೇಲೆ ಹೊತ್ತು ತಂದ ಮಣ್ಣಿನಿಂದಲೂ ಮಡಕೆ ಆಗುತ್ತದೆ. ಆದ್ದರಿಂದ ಕತ್ತೆಯನ್ನು ಬಿಟ್ಟುಬಿಡಿ. ಇನ್ನೊಂದು ಉದಾಹರಣೆ ಕುಂಬಾರನ ಅಪ್ಪನದು. ಅವನಿಲ್ಲದೆ ಕುಂಬಾರನಿಲ್ಲ, ಕುಂಬಾರನಿಲ್ಲದೆ ಮಡಕೆಯಿಲ್ಲ, ನಿಜ. ಆದರೂ ಅವನು ಕುಂಬಾರನಿಗೆ ಕಾರಣ, ಮಡಕೆಗಲ್ಲ. ಅವನನ್ನೂ ಬಿಟ್ಟುಬಿಡಿ.

ತರಗತಿಯಲ್ಲಿ ಇದನ್ನು ಓದುವಾಗ ಕತ್ತೆ ಬಂದಲ್ಲಿ ಎಲ್ಲರೂ ನಗುತ್ತೇವೆ. ಆದರೆ ಬೀದಿಯಲ್ಲಿ ನಿಂತಾಗ ಯಾವುದು ಕತ್ತೆ, ಯಾವುದು ಕೋಲು ಎಂದು ಹೇಳುವುದು ಎಷ್ಟು ಕಷ್ಟ ಎಂದು ಅರ್ಥವಾಗುತ್ತದೆ. ಎಥೆನಾಲು ನಮ್ಮ ಕತ್ತೆಯೇ? ಎಲ್ಲ ಕಡೆ ಇದ್ದು ಯಾವ ಕಾರಿನದೂ ಆಗದ ಆಕಾಶವೇ? ಡೂಪ್ಲಿಕೇಟ್ ಎಂಬ ಅನುಮಾನವೋ?

ಗ್ಯಾರೇಜಿನವನ ಮೇಲೆ ಸಿಟ್ಟಾದ್ದರಿಂದ ಅಪ್ಪ ಕಾರನ್ನು ಎಳೆಸಿಕೊಂಡು ಹೋಗಿ ಬೇರೆ ಕಡೆ ಬಿಟ್ಟರು. ಅದು ಗ್ಯಾರೇಜೂ ಅಲ್ಲ, ಗಾಡಿಗಳ ವೈರಿಂಗ್ ಕೆಲಸ ಮಾಡುವ ಒಂದು ಪುಟ್ಟ ಅಂಗಡಿ. ಹಳೆಯ ಬ್ಯಾಟರಿಗಳ ರಾಶಿಯ ನಡುವೆ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್. ನಾನೂ ಜೊತೆಗೆ ಹೋಗಿದ್ದೆ. ಅಪ್ಪ ಹೋದ ಕೂಡಲೇ ಮೂರು ಪಂಪಿನ ಕತೆ ಹೇಳಿದರು. ಅವರು ಪೂರ್ತಿ ಕೇಳಿಸಿಕೊಂಡು, ‘ಮೂರೂ ಒಂದೇ ಥರ ಸತ್ತಿದ್ರೆ ಪಂಪಿನದ್ದಲ್ಲ ಬಿಡಿ ಸಾರ್. ಸಾಯ್ಸೋದು ಬೇರೆ ಏನೋ ಐತೆ’ ಅಂದರು. ನನ್ನ ಪ್ರಬಂಧದ ಒಂದು ಅಧ್ಯಾಯಕ್ಕೆ ಆ ಮಾತು ಸಾಕಿತ್ತು.

ಹೊಸ ಪಂಪು ತಂದು, ಅದನ್ನು ಟ್ಯಾಂಕಿಗೆ ಇಳಿಸಿ, ಅದು ಓಡುತ್ತಿರುವಾಗ ಅವರು ಮೀಟರ್ ಹಿಡಿದರು. ‘ಓಡುತ್ತಿರುವಾಗ’ ಎನ್ನುವುದೇ ಇಲ್ಲಿ ಮುಖ್ಯ. ಬ್ಯಾಟರಿಯಲ್ಲಿ 12.3 ವೋಲ್ಟ್. ಪಂಪಿನ ಕನೆಕ್ಟರಿನಲ್ಲಿ 9.1. ಮೂರು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತಿತ್ತು. ‘ಮೇಡಂ, ಇದನ್ನ ಇಲ್ಲಿ ಒತ್ತಿ ಹಿಡ್ಕಳಿ’ ಎಂದು ಮೀಟರಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಲು ಹೇಳಿದರು, ಇನ್ನೊಂದನ್ನು ತಾವು ಪಂಪಿನ ಅರ್ಥ್ ವೈರಿಗೆ ಮುಟ್ಟಿಸಿದರು. ಅಲ್ಲಿ ಹೆಚ್ಚುಕಮ್ಮಿ ಸೊನ್ನೆ ಬರಬೇಕು. 2.4 ಬಂತು. ಕಾರಿನ ಅಡಿಯಲ್ಲಿ ಅರ್ಥ್ ವೈರನ್ನು ಬಾಡಿಗೆ ಬಿಗಿದಿದ್ದ ಬೋಲ್ಟು ತುಕ್ಕು ಹಿಡಿದು ಪುಡಿಯಾಗಿತ್ತು. ಪಂಪಿನ ಕನೆಕ್ಟರಿನ ಪ್ಲಾಸ್ಟಿಕ್ಕು ಬಿಸಿಗೆ ಕಂದಿತ್ತು. ಕಡಿಮೆ ವೋಲ್ಟೇಜಿನಲ್ಲಿ ಪಂಪು ನಿಧಾನವಾಗಿ ತಿರುಗುತ್ತದೆ, ಎಂಜಿನ್ ಕೇಳುವ ಒತ್ತಡವನ್ನು ಕೊಡಲು ಹೆಣಗುತ್ತದೆ, ಹೆಣಗುತ್ತ ಹೆಣಗುತ್ತ ಸವೆಯುತ್ತದೆ.

ನನಗೆ ಹೊಳೆದ ಪ್ರಶ್ನೆಯನ್ನು ಕೇಳಿದೆ: ಮೊದಲಿನವರು ಇದನ್ನು ಯಾಕೆ ನೋಡಲಿಲ್ಲ? ‘ನೋಡಿರ್ತಾರೆ. ಟೆಸ್ಟ್ ಲ್ಯಾಂಪ್ ಹಾಕಿರ್ತಾರೆ, ಬಲ್ಬ್ ಉರ್ದಿರ್ತದೆ’ ಅಂದರು. ಸತ್ತ ಪಂಪಿನ ಜಾಗದಲ್ಲಿ ಪುಟ್ಟ ಬಲ್ಬಿಟ್ಟು ನೋಡಿದರೆ ಅದು ಉರಿಯುತ್ತದೆ, ಯಾಕೆಂದರೆ ಅದು ಎಳೆಯುವ ಕರೆಂಟು ಸಣ್ಣದು. ಮೀಟರ್ ಇಟ್ಟರೂ ಪಂಪು ಓಡದಿದ್ದರೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ತಂತಿಯಿಂದ ಏನೂ ಕೇಳದಿದ್ದಾಗ ಅದು ಗಟ್ಟಿಮುಟ್ಟಾಗಿಯೇ ಕಾಣುತ್ತದೆ; ಭಾರ ಹಾಕಿದಾಗಲೇ ಅದರ ದೌರ್ಬಲ್ಯ ಹೊರಬರುವುದು. ಅಂದರೆ ನಮ್ಮ ಗ್ಯಾರೇಜಿನವನು ಪರೀಕ್ಷೆ ಮಾಡಿದ್ದ. ಕರೆಂಟು ಬರುತ್ತಿದೆ, ಪಂಪು ಓಡುತ್ತಿಲ್ಲ, ಆದ್ದರಿಂದ ಪಂಪು ಹೋಗಿದೆ ಎಂದು ತೀರ್ಮಾನಿಸಿದ್ದ. ತೀರ್ಮಾನ ಸರಿಯೇ ಇತ್ತು. ಪಂಪು ನಿಜವಾಗಿಯೂ ಹೋಗಿತ್ತು. ಆದರೆ ಯಾಕೆ ಹೋಯಿತು ಎಂಬ ಮುಂದಿನ ಪ್ರಶ್ನೆಯನ್ನು ಅವನು ಕೇಳಲಿಲ್ಲ.

ಅವನು ಯಾಕೆ ಕೇಳಬೇಕು ಎಂದೂ ಯೋಚಿಸಬೇಕು. ಪಂಪಿಗೆ ನಾಲ್ಕು ಸಾವಿರ ಚಿಲ್ಲರೆ ಕೊಡುವಾಗ ಅಪ್ಪ ಚೌಕಾಸಿ ಮಾಡಲಿಲ್ಲ. ಕೈಗೆ ಒಂದು ಹೊಸ ಡಬ್ಬಿ ಬರುತ್ತದೆ, ಹಳೆಯ ಪಂಪನ್ನು ಪೇಪರಿನಲ್ಲಿ ಸುತ್ತಿ ಸಾಕ್ಷಿಗೆ ಕೊಡುತ್ತಾರೆ. ಆದರೆ ಎಲೆಕ್ಟ್ರಿಷಿಯನ್ ಎರಡು ಗಂಟೆ ಮಲಗಿ, ಎದ್ದು, ಹುಡುಕಿ, ಬೋಲ್ಟು ಉಜ್ಜಿ, ಹೊಸ ವೈರು ಎಳೆದು 350 ರೂಪಾಯಿ ಕೇಳಿದಾಗ ಅಪ್ಪನ ಮುಖ ಸಣ್ಣದಾಯಿತು. ಬರೀ ಒಂದು ಬೋಲ್ಟಿಗೆ! ‘ಯಾಕೆ’ ಎಂದು ಹುಡುಕುವುದಕ್ಕೆ ನಾವು ದುಡ್ಡು ಕೊಡುವುದಿಲ್ಲ, ಸಾಮಾನಿಗೆ ಕೊಡುತ್ತೇವೆ. ಏಳೆಂಟು ತಿಂಗಳಿಗೊಮ್ಮೆ ಬರುವ ಫೆಲೋಶಿಪ್ಪಿನಲ್ಲಿ ‘ಯಾಕೆ’ ಎಂದು ಹುಡುಕುತ್ತ ಬದುಕುವ ನನಗೆ ಇದು ಹೊಸ ಜ್ಞಾನವೇನಲ್ಲ. ಆದರೆ ಪ್ರಶ್ನೆ ಕೇಳಿದ್ದಕ್ಕೆ ಕೂಲಿ ಕೊಡದ ಊರಿನಲ್ಲಿ ಪ್ರಶ್ನೆ ಕೇಳದ ಮೆಕ್ಯಾನಿಕ್‌ನನ್ನು ಮೋಸಗಾರ ಎನ್ನುವುದು ಅನ್ಯಾಯ.

ಇಲ್ಲಿಗೆ ಮುಗಿದಿದ್ದರೆ ಇದು ತುಕ್ಕು ಹಿಡಿದ ಬೋಲ್ಟಿನ ಕತೆಯಾಗುತ್ತಿತ್ತು, ನಾನು ಬರೆಯುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಇನ್ನೂ ಒಂದು ಮಾತು ಹೇಳಿದರು. ಟ್ಯಾಂಕಿನಿಂದ ತೆಗೆದ ಪಂಪಿನ ತಳದ ಜಾಲರಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಂದು ಕೆಸರು ಮೆತ್ತಿಕೊಂಡಿತ್ತು. ‘ಯಾವಾಗ್ಲೂ ರಿಸರ್ವ್‌ನಲ್ಲೇ ಓಡಿಸ್ತಾರೆ ಅನ್ಸುತ್ತೆ ಸಾರ್‌ನೋರು’ ಎಂದು ನನಗೆ ಮಾತ್ರ ಕೇಳಿಸುವಂತೆ ಅಂದರು. ಅಪ್ಪ ಆಗ ಎದುರಿನ ಅಂಗಡಿಗೆ ಚಿಲ್ಲರೆ ತರಲು ಹೋಗಿದ್ದರು.

ಈ ಪಂಪಿನ ಕೆಲಸದ ರೀತಿ ಗೊತ್ತಿಲ್ಲದವರಿಗೆ ಅಚ್ಚರಿಯಾಗಬಹುದು. ಅದೊಂದು ವಿದ್ಯುತ್ ಮೋಟರು, ಕೂತಿರುವುದು ಪೆಟ್ರೋಲಿನ ಒಳಗೆ. ಪೆಟ್ರೋಲು ಮೋಟರಿನ ಹೊಟ್ಟೆಯೊಳಗಿಂದಲೇ ಹಾದುಹೋಗುತ್ತದೆ. ಹೊತ್ತಿಕೊಳ್ಳುವುದಿಲ್ಲವೇ ಎಂದರೆ, ಇಲ್ಲ, ಉರಿಯಲು ಬೇಕಾದ ಗಾಳಿ ಅಲ್ಲಿರುವುದಿಲ್ಲ. ಯಾವ ಪೆಟ್ರೋಲನ್ನು ಅದು ಎಂಜಿನ್ನಿಗೆ ತಳ್ಳುತ್ತದೋ ಅದೇ ಪೆಟ್ರೋಲು ಅದನ್ನು ತಣ್ಣಗಿಡುತ್ತದೆ. ಟ್ಯಾಂಕು ಸದಾ ತಳ ಕಂಡಿದ್ದರೆ ಆ ತಂಪು ಕಡಿಮೆ. ಜೊತೆಗೆ ಖಾಲಿ ಜಾಗದಲ್ಲಿ ಗಾಳಿಯ ತೇವ ನೀರಾಗಿ ಇಳಿಯುತ್ತದೆ, ತಗಡು ತುಕ್ಕು ಹಿಡಿಯುತ್ತದೆ, ಆ ತುಕ್ಕೂ ಕೊಳೆಯೂ ಜಾಲರಿಗೆ ಬರುತ್ತದೆ. ಉಸಿರುಗಟ್ಟಿಕೊಂಡು, ಬಿಸಿಯಾಗಿ, ಅರೆಹೊಟ್ಟೆಯ ಕರೆಂಟಿನಲ್ಲಿ ಓಡುವ ಪಂಪು ಎಷ್ಟು ದಿನ ಬಾಳುತ್ತದೆ?

ಅಪ್ಪ ಬರುವಷ್ಟರಲ್ಲಿ ನಾನು ಡ್ಯಾಶ್‌ಬೋರ್ಡಿನ ಡ್ರಾಯರ್ ತೆಗೆದೆ. ಅಲ್ಲಿ ಅವರ ಪುಟ್ಟ ನೋಟ್‌ಬುಕ್ಕು ಇರುತ್ತದೆ. ಮೇಷ್ಟ್ರ ಅಭ್ಯಾಸ: ಪೆಟ್ರೋಲು ಹಾಕಿಸಿದ ತಾರೀಕು, ರೂಪಾಯಿ, ಕಿಲೋಮೀಟರು, ಎಲ್ಲವನ್ನೂ ಗೆರೆ ಎಳೆದು ಬರೆಯುತ್ತಾರೆ. ಹಾಳೆ ತಿರುವಿದೆ. 1000, 1000, 1200, 1000. 2023ರ ಜುಲೈ ಬಂದಲ್ಲಿ 300. ಆಮೇಲೆ 300, 300, 200, 300. ಲೀಟರಿಗೆ ನೂರು ದಾಟಿದ ಕಾಲದಲ್ಲಿ ಮುನ್ನೂರಕ್ಕೆ ಮೂರು ಲೀಟರೂ ಬರುವುದಿಲ್ಲ.

2023ರ ಜುಲೈ ನನಗೆ ಚೆನ್ನಾಗಿ ನೆನಪಿದೆ. ನನ್ನ ಫೆಲೋಶಿಪ್ ನಿಂತದ್ದು ಆ ತಿಂಗಳು. ಕಾಗದ ಪತ್ರ ಎಲ್ಲೋ ಯಾವುದೋ ಮೇಜಿನ ಮೇಲೆ ಕೂತಿತ್ತು. ಹಾಸ್ಟೆಲಿಗೂ ಮೆಸ್ಸಿಗೂ ಎಂದು ಅಪ್ಪ ತಿಂಗಳಿಗೆ ಎಂಟು ಸಾವಿರ ಕಳಿಸಲು ಶುರು ಮಾಡಿದ್ದರು. ಪಿಂಚಣಿಯಿಲ್ಲದ, ಮನೆಪಾಠದಲ್ಲೂ ಅರ್ಧ ಎಕರೆ ತೆಂಗಿನಲ್ಲೂ ಬದುಕುವ ಮನುಷ್ಯ. ‘ಎಲ್ಲಿಂದ ತರ್ತೀಯಪ್ಪ’ ಎಂದು ನಾನು ಒಮ್ಮೆ ಕೇಳಿದ್ದೆ, ‘ಅದೆಲ್ಲ ನಿನಗ್ಯಾಕೆ, ಓದು’ ಎಂದಿದ್ದರು. ಎಲ್ಲಿಂದ ಎಂಬುದರ ಒಂದು ಅಂಶ ನನ್ನ ತೊಡೆಯ ಮೇಲಿತ್ತು, ನೀಲಿ ಇಂಕಿನಲ್ಲಿ.

ಮೊದಲು ಮನಸ್ಸಿಗೆ ಬಂದದ್ದು ಕುಂಬಾರನ ಅಪ್ಪ. ನೈಯಾಯಿಕರು ನನ್ನನ್ನು ಬಿಟ್ಟುಬಿಡುತ್ತಾರೆ, ಅಲ್ಲವೇ? ನಾನು ಅಪ್ಪನ ಕೈ ಬಿಗಿಗೆ ಕಾರಣ ಇರಬಹುದು, ಪಂಪಿಗಲ್ಲ. ಆದರೆ ಎರಡು ಮೆಟ್ಟಿಲು ದೂರ ನಿಂತವರನ್ನು ಪಟ್ಟಿಯಿಂದ ಹೊಡೆದುಹಾಕುವ ಆ ಸೂತ್ರ ಮಡಕೆಯ ವಿಷಯದಲ್ಲಿ ಎಷ್ಟು ಚೊಕ್ಕವೋ ಮನುಷ್ಯರ ವಿಷಯದಲ್ಲಿ ಅಷ್ಟೇ ಅಪಾಯದ್ದು. ಅದು ಮಾಡಿದ್ದೇ ಬೇರೆ ಕೆಲಸಕ್ಕೆ: ಮಡಕೆ ಹೇಗೆ ಆಗುತ್ತದೆ ಎಂದು ತಿಳಿಯಲು. ಯಾರು ಉತ್ತರ ಕೊಡಬೇಕು ಎಂದು ತಿಳಿಯಲು ಅಲ್ಲ. ನಾಲ್ಕು ವರ್ಷದಿಂದ ಈ ಎರಡು ಪ್ರಶ್ನೆಗಳನ್ನು ನಾನು ಒಂದೇ ಎಂದುಕೊಂಡಿದ್ದೆನೋ ಏನೋ.

ಎರಡನೆಯದಾಗಿ ನೆನಪಾದವನು ಕಾಲಿಂಗ್‌ವುಡ್, ಆಕ್ಸ್‌ಫರ್ಡಿನ ತತ್ವಜ್ಞಾನಿ. 1940ರ ತನ್ನ ಪುಸ್ತಕವೊಂದರಲ್ಲಿ ಅವನೂ ಕಾರಿನ ಉದಾಹರಣೆ ಕೊಡುತ್ತಾನೆ. ತಿರುವಿನಲ್ಲಿ ಒಂದು ಕಾರು ಜಾರಿ ಮಗುಚುತ್ತದೆ. ಓಡಿಸುತ್ತಿದ್ದವನ ಮಟ್ಟಿಗೆ ಕಾರಣ ವೇಗ, ರಸ್ತೆ ನೋಡಿಕೊಳ್ಳುವ ಅಧಿಕಾರಿಯ ಮಟ್ಟಿಗೆ ರಸ್ತೆಯ ಮೇಲ್ಮೈ, ಕಾರು ತಯಾರಿಸಿದವರ ಮಟ್ಟಿಗೆ ಅದರ ವಿನ್ಯಾಸ. ಮೂರೂ ನಿಜ. ಯಾರಿಗೆ ಯಾವುದು ಕಾರಣ ಎಂದರೆ, ಅವರವರ ಕೈಯಲ್ಲಿ ತಡೆಯಲು ಸಾಧ್ಯವಾಗುವ ಅಂಶವೇ ಅವರವರಿಗೆ ಕಾರಣ. ನನಗೆ ಇದು ಮೊದಲಿಂದ ಇಷ್ಟವಾದ ವಾದ, ಯಾಕೆಂದರೆ ಇದರಲ್ಲಿ ಒಂದು ಶಿಸ್ತು ಅಡಗಿದೆ: ಓಡಿಸುವವನು ರಸ್ತೆಯನ್ನು ಬೈದರೆ ಅವನಿಗೆ ಏನೂ ದಕ್ಕುವುದಿಲ್ಲ. ಆದರೆ ಬದುಕಿನಲ್ಲಿ ನಾವು ಮಾಡುವುದು ತದ್ವಿರುದ್ಧ. ಅಪ್ಪನಿಗೆ ಕಾರಣ ಗ್ಯಾರೇಜು, ಟೀ ಅಂಗಡಿಗೆ ಸರ್ಕಾರದ ಎಥೆನಾಲು, ನನಗೆ ಡೂಪ್ಲಿಕೇಟು ಮಾರುವ ಮಾರುಕಟ್ಟೆ. ಪ್ರತಿಯೊಬ್ಬರೂ ತಮ್ಮ ಕೈ ಎಟುಕದ ಜಾಗದಲ್ಲೇ ಕಾರಣವನ್ನು ಇಟ್ಟುಕೊಂಡು ಬೆಚ್ಚಗಿದ್ದೆವು.

ಹಾಗೆಂದು ಕಾಲಿಂಗ್‌ವುಡ್‌ನ ಮಾತನ್ನು ಅಪ್ಪನ ಮೇಲೆ ಹಾಕಲು ನನಗೆ ಬಾಯಿ ಬರಲಿಲ್ಲ. ರಿಸರ್ವ್‌ನಲ್ಲಿ ಓಡಿಸುವುದನ್ನು ತಡೆಯುವುದು ಅವರ ಕೈಯಲ್ಲೇ ಇತ್ತು, ಆದ್ದರಿಂದ ಅದೇ ಅವರ ಕಾರಣ ಎನ್ನುವುದೇ? ಕೈಯಲ್ಲಿ ಮುನ್ನೂರೇ ಇರುವವನಿಗೆ ಸಾವಿರದ್ದು ಹಾಕಿಸುವುದು ‘ಕೈಯಲ್ಲಿರುವ’ ವಿಷಯವಲ್ಲ. ಬಡವರಿಗೆ ಅವರ ಅಭ್ಯಾಸಗಳನ್ನೇ ಕಾರಣವಾಗಿ ತೋರಿಸುವವರು ಈ ವಾದವನ್ನು ಓದದೆಯೇ ಚೆನ್ನಾಗಿ ಬಳಸುತ್ತಾರೆ. ಮುನ್ನೂರು ಮುನ್ನೂರು ಎಂದು ಉಳಿಸಿದ ಮನುಷ್ಯ ಮೂರು ಪಂಪಿಗೆ ಹನ್ನೆರಡು ಸಾವಿರದ ಮೇಲೆ ಕಳೆದುಕೊಂಡ ಎಂಬ ಲೆಕ್ಕ ನನಗೂ ಬರುತ್ತದೆ. ಅದನ್ನು ಅವರ ಮುಂದೆ ಹೇಳಿ ಏನು ಮಾಡಲಿ?

ಚಿಲ್ಲರೆ ತಂದ ಅಪ್ಪ ‘ಏನಂತೆ?’ ಅಂದರು. ‘ಅರ್ಥಿಂಗ್ ಹೋಗಿತ್ತಂತಪ್ಪ. ಹಳೇ ಗಾಡಿ, ತುಕ್ಕು’ ಅಂದೆ. ಎಲೆಕ್ಟ್ರಿಷಿಯನ್ ನನ್ನ ಮುಖ ನೋಡಿ ಸುಮ್ಮನಾದರು. ಅದು ಸುಳ್ಳಲ್ಲ. ಆದರೆ ಮೂರು ನಿಜಗಳಲ್ಲಿ ಯಾರಿಗೂ ನೋಯದ ನಿಜವನ್ನು ಆರಿಸಿಕೊಂಡದ್ದು. ಇದನ್ನು ದಯೆ ಎನ್ನಬೇಕೋ, ನನ್ನದೇ ಜುಲೈ ತಿಂಗಳನ್ನು ಮುಚ್ಚಿಕೊಳ್ಳುವ ಉಪಾಯ ಎನ್ನಬೇಕೋ, ಇವತ್ತಿಗೂ ತೀರ್ಮಾನಕ್ಕೆ ಬಂದಿಲ್ಲ. ರಿಸರ್ವ್ ಎಂದರೆ ‘ಯಾಕೆ ರಿಸರ್ವ್’ ಎಂಬಲ್ಲಿಗೆ ಮಾತು ಹೋಗುತ್ತಿತ್ತು, ಅಲ್ಲಿಗೆ ಹೋದರೆ ಅಪ್ಪ ಎಂಟು ಸಾವಿರ ನಿಲ್ಲಿಸುತ್ತಿರಲಿಲ್ಲ, ನೋಟ್‌ಬುಕ್ಕಿನಲ್ಲಿ ಬರೆಯುವುದನ್ನು ನಿಲ್ಲಿಸುತ್ತಿದ್ದರು.

ಟ್ಯಾಂಕು ಇಳಿಸಿ ತೊಳೆಸಿದೆವು, ಹೊಸ ಜಾಲರಿ ಹಾಕಿಸಿದೆವು, ಅರ್ಥ್ ಸರಿಯಾಯಿತು. ಹತ್ತು ತಿಂಗಳಿನಿಂದ ಪಂಪು ಓಡುತ್ತಿದೆ. ಸಂಶೋಧಕಿಯಾಗಿ ನನಗೊಂದು ಕೊರಗು: ಎಲ್ಲವನ್ನೂ ಒಟ್ಟಿಗೆ ಸರಿಪಡಿಸಿದ್ದರಿಂದ ಯಾವುದು ನಿಜವಾದ ಕೋಲು, ಯಾವುದು ಬರೀ ಕತ್ತೆ ಎಂದು ಇನ್ನು ಎಂದೂ ಗೊತ್ತಾಗುವುದಿಲ್ಲ. ಒಂದನ್ನು ಹಾಗೇ ಬಿಟ್ಟು ನೋಡಬೇಕಿತ್ತು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ನನ್ನನ್ನು ನೋಡಿದ ನೋಟವನ್ನು ಪ್ರಬಂಧದ ಮುನ್ನುಡಿಯಲ್ಲಿ ಬಳಸಿಕೊಳ್ಳಬೇಕು ಎಂದಿದ್ದೇನೆ.

ಉಳಿದದ್ದು ಗ್ಯಾರೇಜಿನವನ ವಿಷಯ. ನಾಲ್ಕು ಜನರಿಗೆ ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ? ‘ಡೂಪ್ಲಿಕೇಟ್ ಅಲ್ಲವಂತೆ’ ಎಂದು ಯಾರೂ ಟೀ ಅಂಗಡಿಯಲ್ಲಿ ಮಾತು ಶುರು ಮಾಡುವುದಿಲ್ಲ. ಅಪವಾದಕ್ಕೆ ಇರುವ ಕಾಲು ಅದರ ತಿದ್ದುಪಡಿಗೆ ಇರುವುದಿಲ್ಲ. ಹೋಗೋಣ ಎಂದು ನಾನು ಎರಡು ಸಲ ಅಂದೆ. ಅಪ್ಪ ಕೇಳಿಸದವರಂತೆ ಪೇಪರ್ ತಿರುವಿದರು.

ಈ ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಒಂದು ಬೆಳಿಗ್ಗೆ ಅವರೇ ಹೊರಟರು. ಎಳ್ಳುಬೆಲ್ಲದ ಪೊಟ್ಟಣ ಇಟ್ಟುಕೊಂಡು, ಬ್ರೇಕ್ ಯಾಕೋ ಸದ್ದು ಮಾಡುತ್ತೆ ಎಂದು ನೆಪ ಹೇಳಿ, ಕಾರನ್ನು ಸೀದಾ ಬಸ್ ಸ್ಟ್ಯಾಂಡ್ ಹಿಂದಕ್ಕೆ ತಿರುಗಿಸಿದರು. ಅವನು ಏನೂ ಆಗದವನಂತೆ ಎದ್ದು ಬಂದ. ಚಕ್ರ ಬಿಚ್ಚಿದ. ಬ್ರೇಕಿನಲ್ಲಿ ಏನೂ ಇರಲಿಲ್ಲ, ಅದು ಮೂವರಿಗೂ ಗೊತ್ತಾಯಿತು. ಚಕ್ರ ಬಿಗಿಯುತ್ತ ತಲೆ ಎತ್ತದೆ ಕೇಳಿದ: ‘ಪಂಪು ಈಗ ಹೆಂಗೈತೆ ಮೇಷ್ಟ್ರೇ?’

‘ಓಡ್ತಿದೆ. ಅರ್ಥ್ ಹೋಗಿತ್ತು.’

ಅವನ ಕೈ ಒಂದು ಕ್ಷಣ ನಿಂತಿತು. ‘ಅದನ್ನ ನಾನು ಲೋಡಲ್ಲಿ ನೋಡ್ಬೇಕಿತ್ತು. ನಂದೇ ತಪ್ಪು’ ಅಂದ.

ಅಪ್ಪ ಎಳ್ಳುಬೆಲ್ಲದ ಪೊಟ್ಟಣವನ್ನು ಅವನ ಟೂಲ್ ಬಾಕ್ಸಿನ ಮೇಲಿಟ್ಟರು. ಏನೋ ಹೇಳಲು ಬಾಯಿ ತೆರೆದರು, ಆಮೇಲೆ ‘ಮಗ ಎಷ್ಟನೇ ಕ್ಲಾಸೋ ಈಗ?’ ಎಂದು ಕೇಳಿದರು. ‘ಒಂಬತ್ತು.’ ‘ಸೈನ್ಸಿಗೆ ಕಳಿಸು ಸಾಯಂಕಾಲ. ಫೀಸು ಗೀಸು ಏನೂ ಬೇಡ.’ ಅವನು ಹೂಂ ಅಂದ.

ವಾಪಸ್ ಬರುವಾಗ ಬಂಕಿನ ಮುಂದೆ ಅಪ್ಪ ಕಾರು ನಿಲ್ಲಿಸಿದರು. ಮುಳ್ಳು ಕೆಂಪು ಗೆರೆಯ ಮೇಲಿತ್ತು. ಹುಡುಗ ಬಂದು ಎಷ್ಟಕ್ಕೆ ಅಂದ. ನಾನು ಕಿಟಕಿಯಾಚೆ ನೋಡುತ್ತಿದ್ದೆ.

‘ಐನೂರಕ್ಕೆ ಹಾಕಪ್ಪ’ ಅಂದರು.